ಪೆಟ್ಟಿಗೆಗೆ ಸೇರದ ಅರ್ಜಿಗಳು

“ಗುರುಗಳೇ, ಸತ್ತವರನ್ನು ಹೊಗಳುವಾಗ ಕಹಿಯಾದ ಒಂದೆರಡು ಸಂಗತಿ ಬಿಟ್ಟುಬಿಟ್ಟರೆ ತಪ್ಪೇನು?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಸೀಮೆಯಲ್ಲಿ ಸರ್ಕಾರದ ದೊಡ್ಡ ಹುದ್ದೆಗೇರಿದ ಮೊದಲ ಹೆಂಗಸು ಒಬ್ಬಳಿದ್ದಳು. ಆಕೆಯ ಕಚೇರಿಯಲ್ಲಿ ಗಂಡಸರಿಗೆ ಶೌಚಾಲಯವಿತ್ತು, ಹೆಂಗಸರಿಗೆ ಇರಲಿಲ್ಲ. ಬೇಕೆಂದು ಅರ್ಜಿ ಬರೆದಳು. ಒಬ್ಬಳಿಗೋಸ್ಕರ ಕಟ್ಟಿಸಲಾಗದು ಎಂದು ಉತ್ತರ ಬಂತು. ಮತ್ತೆ ಬರೆದಳು. ಮೇಲಿನವರು ಬದಲಾದರು, ಉತ್ತರ ಬದಲಾಗಲಿಲ್ಲ. ಬೆಳಿಗ್ಗೆ ಮನೆ ಬಿಟ್ಟವಳು ಸಂಜೆ ಮನೆ ಸೇರುವವರೆಗೆ ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಹಾಗೆಯೇ ಅಧಿಕಾರ ನಡೆಸಿದಳು, ಒಳ್ಳೆಯ ಹೆಸರು ಪಡೆದಳು. ನಿವೃತ್ತಿಗೆ ಮುನ್ನವೇ ಮೂತ್ರಪಿಂಡ ಕೆಟ್ಟು ತೀರಿಕೊಂಡಳು.

ಕೆಲವು ವರ್ಷಗಳ ಮೇಲೆ ಅದೇ ಕಚೇರಿಯವರು ಆಕೆಯ ನೆನಪಿಗೆ ಒಂದು ಕೋಣೆ ಕಟ್ಟಿಸಿದರು. ಮಗಳು ತಾಯಿಯ ಕಾಗದಪತ್ರಗಳನ್ನೆಲ್ಲ ಟ್ರಂಕಿನ ಸಮೇತ ಕೊಟ್ಟಳು. ತಾನು ಓದಿ ಅತ್ತ ಆ ಅರ್ಜಿಗಳನ್ನು ನಾಲ್ಕು ಜನ ಓದಲಿ ಎಂಬುದೊಂದೇ ಅವಳ ಆಸೆ. ಕೋಣೆ ತೆರೆದ ದಿನ ಹೋಗಿ ನೋಡಿದರೆ, ಗಾಜಿನ ಪೆಟ್ಟಿಗೆಯಲ್ಲಿ ನೇಮಕದ ಆದೇಶವಿತ್ತು, ಪ್ರಶಂಸಾಪತ್ರಗಳಿದ್ದವು. ಅರ್ಜಿಗಳು ಕಟ್ಟು ಬಿಚ್ಚದೆ ಕೆಳಗೆ ಟ್ರಂಕಿನಲ್ಲೇ ಬಿದ್ದಿದ್ದವು.

ಮುಖ್ಯಾಧಿಕಾರಿ ಮೈಕಿನ ಮುಂದೆ ನಿಂತು, “ಆ ತಾಯಿ ತನಗಾಗಿ ಏನನ್ನೂ ಕೇಳಿದವರಲ್ಲ. ಸಹನೆಯ ಮೂರ್ತಿ” ಎನ್ನುತ್ತಿದ್ದ. ಮಗಳು ಹಲ್ಲು ಕಚ್ಚಿಕೊಂಡು ಕುಳಿತಳು.

ಪಾನಕ ಹಂಚುತ್ತ ಬಂದರು. ಅಲ್ಲೇ ಗುಮಾಸ್ತೆಯಾಗಿದ್ದ ಹುಡುಗಿಯೊಬ್ಬಳು ಮಗಳ ಪಕ್ಕದಲ್ಲಿದ್ದಳು. ಲೋಟ ಕೈಗೆ ಬಂದರೂ ತುಟಿಗೆ ತಾಗಿಸಲಿಲ್ಲ.

“ಯಾಕಮ್ಮ, ಪಾನಕ ಸೇರುವುದಿಲ್ಲವೇ?”

“ಸೇರುತ್ತೆ ಅಕ್ಕಾ. ಆದರೆ ಸಂಜೆವರೆಗೂ ಇಲ್ಲೇ ಇರಬೇಕಲ್ಲ” ಎಂದು ಹುಡುಗಿ ನಕ್ಕಳು. “ನಿಮ್ಮಮ್ಮನವರ ಸಹನೆ ನಮಗೂ ಬರಲಿ ಅಂತ ಕೋಣೆ ಕಟ್ಟಿಸಿದ್ದಾರೆ. ಶೌಚಾಲಯ ಇನ್ನೂ ಕಟ್ಟಿಸಿಲ್ಲ.”

ಮಗಳು ಎದ್ದಳು. ಸಭೆಯ ನಡುವೆಯೇ ನಡೆದುಹೋಗಿ ಗಾಜಿನ ಪೆಟ್ಟಿಗೆ ತೆರೆದಳು. ಪ್ರಶಂಸಾಪತ್ರಗಳನ್ನು ಬಾಚಿ ನೆಲಕ್ಕೆ ಸುರಿದಳು. ಟ್ರಂಕಿನಿಂದ ಅರ್ಜಿಗಳನ್ನು ತೆಗೆದು ಒಂದೊಂದಾಗಿ ಪೆಟ್ಟಿಗೆಯೊಳಗೆ ಹರಡಿದಳು.

ಮುಖ್ಯಾಧಿಕಾರಿ ಮೈಕು ಬಿಟ್ಟು ಓಡಿಬಂದ. “ಇದೇನಮ್ಮ ಇದು! ನಿಮ್ಮ ತಾಯಿಗಿದ್ದ ಸಹನೆಯಲ್ಲಿ ಕಾಲುಭಾಗವಾದರೂ ನಿಮಗೆ ಬೇಡವೇ?”

“ಬೇಡ ಸ್ವಾಮಿ. ಅದು ಇದ್ದವರ ಚಿತೆಗೆ ಬೆಂಕಿ ಇಟ್ಟವಳು ನಾನು.”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ, “ಅವಳ ಸಂಕಟ ನಿಜ, ಗುರುಗಳೇ. ಆದರೂ ಹಿರಿಯರು ಕೂತ ಸಭೆಯಲ್ಲಿ ಹಾಗೆ ಮಾಡಬಹುದಿತ್ತೇ?” ಎಂದ.

ಗುರುಗಳ ದನಿ ಗಡುಸಾಯಿತು:

“ಆ ಹುಡುಗಿ ಇನ್ನೂ ಬಾಯಾರಿ ಕುಳಿತಿದ್ದಾಳೆ, ನೀನಾಗಲೇ ಸಭೆಯ ಮರ್ಯಾದೆ ಕಾಯಲು ಎದ್ದೆ.”