ನೊಣದ ಕಣ್ಣಿನ ಕೆಮ್ಮಣ್ಣು ಗೋಡೆ

ಆಗ ಲೋಕ ಇನ್ನೂ ಹಸಿಯಾಗಿತ್ತು. ಎಲ್ಲಿ ನಿಲ್ಲಬೇಕು ಅಂತ ಬೆಳಕಿಗೆ ಗೊತ್ತಿರಲಿಲ್ಲ. ಕಂಡ ಕಡೆ ನುಗ್ಗುತ್ತಿತ್ತು.

ಆ ಕಾಲದಲ್ಲಿ ಚಿಕ್ಕೀರ ಅಂತ ಒಂದು ನೊಣ. ಅವನ ಹೆಂಡತಿ ದೇವೀರಿ. ಅವಳು ಹಾಸಿಗೆ ಹಿಡಿದು ಆರು ದಿನವಾಗಿತ್ತು. ಏನು ಕೊಟ್ಟರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಹುಚ್ಚೆಳ್ಳು ಹೂವಿನ ಜೇನು ಕುಡಿಸು," ಅಂದಿತು ಗಾಳಿ. "ಹಳದಿ ಹೂ. ಅದೊಂದು ಇಳಿದೀತು."

ಚಿಕ್ಕೀರ ಹೋದ. ಹೊಲದ ತುಂಬ ಹೂ. ಹಳದಿ ಯಾವುದು? ಅವನ ಕಣ್ಣಿಗೆ ಎಲ್ಲವೂ ನೀರು ಮಜ್ಜಿಗೆಯ ಬಣ್ಣ. ಯಾವುದೋ ಒಂದರಿಂದ ತಂದ.

ದೇವೀರಿ ನಾಲಿಗೆಗೆ ಮುಟ್ಟಿಸಿಕೊಂಡಳು. "ಯಜಮಾನ್ರು ಎಕ್ಕದ ಹಾಲು ತಂದವ್ರೆ. ನನ್ನ ಬೇಗ ಕಳಿಸೋ ಯೋಚ್ನೆಯೋ?"

ಅವಳೇ ನಕ್ಕಳು. ಅವನಿಗೆ ನಗು ಬರಲಿಲ್ಲ.

ಮತ್ತೆ ಹೋದ. ಮತ್ತೆ ತಪ್ಪಿದ. ದಣಿದು ಕಣಜಕ್ಕನ ಮುಂದೆ ಕೂತ. ಮಣ್ಣಿನ ಗೂಡು ಮೆತ್ತುವ ಕಣಜದ ಹುಳ, ಎಲ್ಲರಿಗೂ ಅಕ್ಕ.

ಅವಳು ಅವನ ಕಣ್ಣೊಳಗೆ ಇಣುಕಿದಳು. "ಸಾವಿರ ಕೋಣೆ ಅವೆ. ಒಂದಕ್ಕೂ ಗೋಡೆ ಇಲ್ಲ. ಈ ಕೋಣೆಗೆ ಬಂದ ಬೆಳಕು ಪಕ್ಕದ ಕೋಣೆಗೂ ನುಗ್ತದೆ. ಬಣ್ಣ ಎಲ್ಲ ಕಲಸಿ ಹೋಗ್ತದೆ."

"ಗೋಡೆ ಹಾಕ್ಕೊಡಕ್ಕ."

"ಕೆರೆಯ ಕರಿಮಣ್ಣು ಬೇಕು. ಮೂರು ದಿನ ನೆನೀಬೇಕು. ಅದು ಯಾವ ಬೆಳಕನ್ನೂ ಬಿಡಲ್ಲ."

"ಇದು?" ಅವಳ ಪಕ್ಕದಲ್ಲಿ ಕಲಸಿಟ್ಟ ಕೆಮ್ಮಣ್ಣು ಇತ್ತು.

"ಅದರಲ್ಲಿ ಕೆಂಪು ಬೆಳಕು ಸೋರ್ತದೆ. ಆಮೇಲೆ ನನ್ನ ಬೈಬೇಡ."

"ಸೋರಲಿ. ಮೂರು ದಿನ ಅವಳಿಗಿಲ್ಲ."

ಕಣಜಕ್ಕ ಕೆಮ್ಮಣ್ಣು ತೆಗೆದುಕೊಂಡಳು. ಒಂದು ಗೋಡೆ ಮೆತ್ತಿದಳು. ಇನ್ನೊಂದು ಮೆತ್ತಿದಳು. ಸಾವಿರವೂ ಮೆತ್ತಿದಳು.

ಚಿಕ್ಕೀರ ತಲೆ ಎತ್ತಿದ. ಹೊಲದಲ್ಲಿ ಹಳದಿ ಹೂ ಬೇರೆಯಾಗಿ ನಿಂತಿತ್ತು.

ಜೇನು ತಂದ. ದೇವೀರಿ ಕುಡಿದಳು. ಗುಟುಕು ಇಳಿಯಿತು. ಅವನು ಅವಳನ್ನೇ ನೋಡುತ್ತಿದ್ದ.

"ಏನಂಗೆ ನೋಡ್ತೀರ?"

"ನಿನ್ನ ಬೆನ್ನು ಹಸಿರು."

"ಇಷ್ಟು ವರ್ಷ ಆದ್ಮೇಲೆ ಗೊತ್ತಾಯ್ತಾ," ಅಂದಳು. ಮಗ್ಗುಲಾದಳು. ಬೆಳಗ್ಗೆ ಏಳಲಿಲ್ಲ.

ಕೆಲವು ದಿನ ಬಿಟ್ಟು ಕಣಜಕ್ಕ ಬಂದಳು. "ಕರಿಮಣ್ಣು ನೆನೆದದೆ. ಬಾ, ಹಳೇದು ಕೆಡವಿ ಸರಿಯಾಗಿ ಕಟ್ತೀನಿ."

"ಬೇಡಕ್ಕ," ಅಂದ ಚಿಕ್ಕೀರ. "ಅವಳನ್ನ ಕಂಡಿದ್ದು ಈ ಗೋಡೆ ಇದ್ದಾಗಲೇ."

ಅವನ ಮಕ್ಕಳೂ ಅದನ್ನು ಕೆಡವಲಿಲ್ಲ. ಬಾಳೆಹಣ್ಣಿನ ಸಿಪ್ಪೆ ಮೇಲೆ ಹಸಿರು ನೊಣ ಕೂತರೆ ಓಡಿಸಬೇಡ ಮಗು, ಬಗ್ಗಿ ನೋಡು. ಅದರ ಕಣ್ಣು ಇವತ್ತಿಗೂ ಕೆಮ್ಮಣ್ಣಿನ ಬಣ್ಣವೇ, ಕೆಂಪು ಬೆಳಕು ಇವತ್ತಿಗೂ ಅದರೊಳಗೆ ಸೋರುತ್ತಲೇ ಇದೆ.