ಎಡಮಗ್ಗುಲಿನ ನವಿಲು

"ಇವತ್ತೂ ಅಡ್ಡ ಬಂದಳು, ಅಪ್ಪಾವರೇ. ಅಂಗೈಯ ಲಿಂಗದಲ್ಲಿ ದೃಷ್ಟಿ ಈಗ ನಿಂತಿತು ಅನ್ನುವಷ್ಟರಲ್ಲಿ ಬಂದು, ನನ್ನ ಹಣೆಯ ವಿಭೂತಿಯನ್ನೆಲ್ಲ ಕೆರೆದು ಬಾಯಿಗೆ ಹಾಕಿಕೊಂಡಳು. ಹೀಗೆ ತುಂಡು ತುಂಡಾದ ಪೂಜೆ ಶಿವನಿಗೆ ಮುಟ್ಟುತ್ತದೆಯೇ?"

ಬೀದರಿನ ಹೊರವಲಯದ ಒಂದು ಚಿಕ್ಕ ಮಠದಲ್ಲಿ ಜಗದೇವಿ ತನ್ನ ಗುರುಗಳನ್ನು ಹೀಗೆ ಕೇಳಿದಳು. ವಿಭೂತಿ ತಿಂದ ಮಗಳು ದಾನಮ್ಮ ಅವಳ ಸೆರಗನ್ನು ಹಿಡಿದು ಜೋಲಿ ಹೊಡೆಯುತ್ತಿದ್ದಳು.

"ಬಾಗಿಲು ಹಾಕಿಕೊಂಡು ಕೂರಬಾರದೇ ತಂಗಿ?" ಎಂದರು ಗುರುಗಳು.

"ನಿಮಗೇನು, ನಿಮ್ಮ ಬಾಗಿಲಿಗೆ ಚಿಲಕ ಹಾಕಿದರೆ ಲೋಕವೇ ಹೊರಗೆ. ನಾನು ಚಿಲಕ ಹಾಕಿದರೆ ಇವಳೂ ನನ್ನ ಜೊತೆಗೇ ಒಳಗೆ." ಜಗದೇವಿ ಸೆರಗನ್ನು ಬಿಡಿಸಿಕೊಂಡಳು. "ಇವಳು ಶಾಲೆಗೆ ಹೋಗುವವರೆಗೆ ಇದೆಲ್ಲ ನನ್ನಿಂದಾಗದು. ಹೇಳಿ ಹೋಗೋಣವೆಂದು ಬಂದೆ. ಆಮೇಲೆ ನೋಡೋಣ."

ಅವಳು ಸಿಟ್ಟಿನಲ್ಲಿಯೇ ಹೇಳಿದಳು. ಮದುವೆಯಾಗಿ ಬಂದ ಮನೆಯಲ್ಲಿ ಅವಳದು ಎಂದು ಇದ್ದದ್ದು ಬೆಳಗಿನ ಆ ಒಂದು ಹೊತ್ತು ಮಾತ್ರ. ಅದನ್ನೇ ಬಿಟ್ಟುಕೊಡಲು ಬಂದಿದ್ದಳು.

"ಹೋಗುವುದು ಇದ್ದೇ ಇದೆ, ಒಂದು ಕತೆ ಕೇಳಿ ಹೋಗು" ಎಂದು ಗುರುಗಳು ಶುರುಮಾಡಿದರು.

ಪಾರಸ ದೇಶದಲ್ಲಿ, ಕಡಲಿಗೆ ಹತ್ತಿರವಾಗಿ, ರಶ್ತ್ ಎಂಬ ಊರಿದೆ. ಆ ಊರಿನ ಕಸೂತಿಗೆ ಹಿಂದೆ ರಾಜರುಗಳು ಕಾದು ನಿಲ್ಲುತ್ತಿದ್ದರಂತೆ. ಅವರು ಹೊಲಿಯುವುದು ಬನಾತಿನ ಮೇಲೆ. ಬನಾತು ಎಂದರೆ ತುಳಿದು ಒತ್ತಿ ಗಟ್ಟಿ ಮಾಡಿದ ಉಣ್ಣೆಯ ಬಟ್ಟೆ. ಎಲ್ಲಿ ಕತ್ತರಿಸಿದರೂ ಅಂಚಿನಿಂದ ಎಳೆ ಬಿಡುವುದಿಲ್ಲ. ಕೆಂಪು ಬನಾತಿನಲ್ಲಿ ಒಂದು ಹೂವಿನಷ್ಟು ಜಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಹಳದಿ ಬನಾತಿನಿಂದ ಅದೇ ಅಳತೆಯ ಹೂವನ್ನು ಕತ್ತರಿಸಿ ಆ ಜಾಗದಲ್ಲಿ ಕೂರಿಸುತ್ತಾರೆ. ತುಂಡಿನ ಮೇಲೆ ತುಂಡು ಇಡುವುದಿಲ್ಲ, ತುಂಡಿನ ಪಕ್ಕಕ್ಕೆ ತುಂಡು. ಹಿಂದಿನಿಂದ ಸಣ್ಣಗೆ ಹೊಲಿದು ಕೂಡಿಸಿದ ಮೇಲೆ ಕಣ್ಣು ಮುಚ್ಚಿ ಕೈಯಾಡಿಸಿದರೆ ಎಲ್ಲಿ ಕೆಂಪು ಮುಗಿಯಿತು, ಎಲ್ಲಿ ಹಳದಿ ಹತ್ತಿತು ಎಂದು ಬೆರಳಿಗೆ ತಿಳಿಯಬಾರದು.

ಆ ಕೂಡುಗೆರೆಯ ಮೇಲೆ ರೇಷ್ಮೆಯ ಸರಪಳಿ ಹೊಲಿಗೆ ಬರುತ್ತದೆ. ದಾರ ಬಟ್ಟೆಯ ಕೆಳಗೆ ಇರುತ್ತದೆ. ಸೂಜಿಯಂಥ ಕೊಕ್ಕೆ ಅದನ್ನು ಮೇಲಕ್ಕೆಳೆದು ಕುಣಿಕೆ ಮಾಡುತ್ತದೆ. ಮುಂದಿನ ಕುಣಿಕೆ ಹಿಂದಿನದನ್ನು ಹಿಡಿದುಕೊಳ್ಳುತ್ತದೆ. ಹೀಗೆ ಒಂದರ ಕೈ ಒಂದು ಹಿಡಿದು ಹೋದ ಕುಣಿಕೆಗಳಲ್ಲಿ ಬಳ್ಳಿ ಹಬ್ಬುತ್ತದೆ, ಹಕ್ಕಿ ಕೂರುತ್ತದೆ.

ಆ ಊರಲ್ಲಿ ಒಬ್ಬ ಉಸ್ತಾದನಿದ್ದ. ಅವನ ಕೈಯ ಕೆಲಸ ನೋಡಿದವರು ಮನೆಗೆ ಹೋಗುವ ದಾರಿ ಮರೆಯುತ್ತಿದ್ದರು. ಅವನದೊಂದು ನೇಮವಿತ್ತು: ಒಂದು ಬಳ್ಳಿಗೆ, ಒಂದು ಹಕ್ಕಿಗೆ ಒಂದೇ ದಾರ. ಕೊಕ್ಕೆ ಹಿಡಿದು ಕೂತರೆ ಆ ಬಳ್ಳಿಯ ತುದಿ ಮುಟ್ಟುವವರೆಗೆ ಏಳುತ್ತಿರಲಿಲ್ಲ. ಬಾಗಿಲು ಹಾಕಿರುತ್ತಿತ್ತು. ಹೆಂಡತಿ ರೊಟ್ಟಿಯನ್ನು ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದಳು. ನಡುವೆ ಗಂಟು ಹಾಕುವುದು ಸೋಮಾರಿಯ ಲಕ್ಷಣ ಎನ್ನುತ್ತಿದ್ದ. ಬಟ್ಟೆ ತಿರುಗಿಸಿದರೆ ಅವನ ಹಿಂಬದಿ ಮುಂಬದಿಯಷ್ಟೇ ನುಣುಪು.

ಊರನ್ನಾಳುವ ಸುಬೇದಾರ ತನ್ನ ಕುದುರೆಗೆ ಒಂದು ಹೊದಿಕೆ ಮಾಡಿಕೊಡಲು ಹೇಳಿದ. ಬಲಮಗ್ಗುಲಿಗೆ ಒಂದು ನವಿಲು, ಎಡಮಗ್ಗುಲಿಗೆ ಒಂದು ನವಿಲು. ಎರಡೂ ಒಂದನ್ನೊಂದು ಕನ್ನಡಿಯಲ್ಲಿ ನೋಡಿಕೊಂಡಂತೆ ಇರಬೇಕು. ಬಲಮಗ್ಗುಲು ಯಾವಾಗಲೂ ಉಸ್ತಾದನದು. ಎಡಮಗ್ಗುಲು ಹೊಲಿಯುತ್ತಿದ್ದ ಜೊತೆಗಾರ ಆ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅವನ ಹೆಂಡತಿ ಎಳೆಮಗುವನ್ನು ಎತ್ತಿಕೊಂಡು ಬಂದು ಅಂಗಳದಲ್ಲಿ ನಿಂತಳು. ಗಂಡನ ಪಕ್ಕದಲ್ಲಿ ಕೂತು ಕೈ ಕಲಿತವಳು.

"ಆ ಎಡಮಗ್ಗುಲು ನನಗೆ ಕೊಡಿ ಉಸ್ತಾದರೇ. ಇದು ಸಿಗದಿದ್ದರೆ ನಾಳೆಯಿಂದ ಕಂಡವರ ಮನೆಯ ಬಟ್ಟೆ ಒಗೆಯಬೇಕು."

ಉಸ್ತಾದ ಅವಳ ಹಳೆಯ ತುಂಡೊಂದನ್ನು ಬೆಳಕಿಗೆ ಹಿಡಿದು ನೋಡಿದ. ಕೈ ಒಳ್ಳೆಯದಿತ್ತು. ಮಗುವನ್ನೂ ನೋಡಿದ. "ಕೊಡುತ್ತೇನೆ. ಆದರೆ ಬಳ್ಳಿಯ ನಡುವೆ ಒಂದು ಗಂಟು ಕಂಡರೂ ಮತ್ತೆ ಈ ಅಂಗಳ ತುಳಿಯಬೇಡ" ಎಂದ.

ಅಷ್ಟರಲ್ಲಿ ಮಠದ ಪಡಸಾಲೆಯಲ್ಲಿ ದಡ್ ಎಂದು ಸದ್ದಾಯಿತು. ದಾನಮ್ಮ ನೀರಿನ ತಂಬಿಗೆಯನ್ನು ಉರುಳಿಸಿ ಅದರ ಮೇಲೆಯೇ ಕೂತಿದ್ದಳು.

"ನಿನ್ನ ಕೈಗೆ ಹಾವು ಕಡಿಯ! ಒಂದು ಗಳಿಗೆ ಕತೆ ಕೇಳಲೂ ಬಿಡೆಯಾ?" ಜಗದೇವಿ ದಡಬಡಿಸಿ ಎದ್ದು ಮಗಳ ರಟ್ಟೆ ಹಿಡಿದು ಎಳೆತಂದಳು. ಮಗು ಕಿರುಚಿತು. ಅಳು ಬಿಕ್ಕಳಿಕೆಗೆ ಇಳಿದ ಮೇಲೆ ಗುರುಗಳು ಮುಂದುವರಿಸಿದರು.

ವಿಧವೆ ಬನಾತನ್ನು ಮನೆಗೆ ತಂದಳು. ಕೊಕ್ಕೆ ಹಿಡಿದು ಕೂತರೆ ಮಗು ಎದ್ದಿತು. ಮಲಗಿಸಿ ಬಂದು ಕೂತರೆ ಹಾಲು ಉಕ್ಕಿತು. ಮತ್ತೆ ಕೂತರೆ ಪಕ್ಕದ ಮನೆಯವಳು ಬೆಂಕಿ ಕೇಳಲು ಬಂದಳು. ಮೊದಮೊದಲು ಅವಳು ಹಾಗೆಯೇ ಎದ್ದು ಓಡಿದಳು. ತಿರುಗಿ ಬರುವಷ್ಟರಲ್ಲಿ ಮಗು ಅಂಬೆಗಾಲಲ್ಲಿ ಬಂದು ದಾರದ ತುದಿಯನ್ನು ಎಳೆದಿರುತ್ತಿತ್ತು. ಸರಪಳಿ ಹೊಲಿಗೆಯ ಗುಣವೇ ಅದು. ಕೊನೆಯ ಕುಣಿಕೆ ಬಿಗಿಯದಿದ್ದರೆ, ತುದಿ ಹಿಡಿದು ಎಳೆದವರಿಗೆ ಇಡೀ ಬಳ್ಳಿ ಸರಸರನೆ ಬಿಚ್ಚಿ ಕೈಗೆ ಬರುತ್ತದೆ. ಬೆಳಗಿನಿಂದ ಹಬ್ಬಿಸಿದ ಬಳ್ಳಿ ಮಗುವಿನ ಮುಷ್ಟಿಯಲ್ಲಿ ಉಂಡೆಯಾಗಿ ಕೂತಿರುತ್ತಿತ್ತು.

ಅವಳು ಅತ್ತಳು, ಮಗುವಿಗೆ ಹೊಡೆದಳು. ಹೊಡೆದದ್ದಕ್ಕೆ ಮತ್ತೆ ಅತ್ತಳು. ಆಮೇಲೆ ಬೇರೆ ದಾರಿ ಕಾಣದೆ, ಉಸ್ತಾದ ಬೇಡವೆಂದದ್ದನ್ನೇ ಮಾಡಿದಳು. ಮಗು ಕೂಗಿದರೆ ಕೂಗಲಿ ಎಂದು ಒಂದು ಉಸಿರಿನಷ್ಟು ಹೊತ್ತು ತಡೆದು, ಕೊನೆಯ ಕುಣಿಕೆಯನ್ನು ಬಿಗಿದು, ಹಿಂದೆ ಗಂಟು ಹಾಕಿ, ಆಮೇಲೆ ಏಳುತ್ತಿದ್ದಳು. ಬಂದು ಹೊಸ ದಾರದಿಂದ ಶುರುಮಾಡುತ್ತಿದ್ದಳು.

ನವಿಲು ಮುಗಿಯಿತು. ಮುಂದಿನಿಂದ ನೋಡಿದರೆ ಈಗ ಕೇಕೆ ಹಾಕೀತು ಅನ್ನುವಂತಿತ್ತು. ಹಿಂದಿನಿಂದ ನೋಡಿದರೆ ಸಾಸಿವೆ ಚೆಲ್ಲಿದ ಹಾಗೆ ಗಂಟುಗಳು. ಅವಳು ಹೆದರಿ, ಒಯ್ಯುವ ಮೊದಲೇ ಹಿಂಬದಿಗೆ ಅಸ್ತರಿನ ಬಟ್ಟೆ ಕೂಡಿಸಿಬಿಟ್ಟಳು. ಉಸ್ತಾದ ಎರಡು ಮಗ್ಗುಲನ್ನೂ ಜೋಡಿಸಿದ. ತನ್ನ ನವಿಲು ಯಾವುದು, ಅವಳದು ಯಾವುದು ಎಂದು ಒಂದು ಗಳಿಗೆ ಅವನಿಗೇ ತಿಳಿಯಲಿಲ್ಲ. ಹೇಗೂ ಹಾಕಬೇಕಾದ ಅಸ್ತರನ್ನು ಬಿಚ್ಚಿ ನೋಡಬೇಕೆಂದು ಅವನಿಗೆ ಅನಿಸಲಿಲ್ಲ.

ಹಬ್ಬದ ದಿನ ಸುಬೇದಾರ ಆ ಕುದುರೆಯೇರಿ ಪೇಟೆಯ ಬೀದಿಗೆ ಬಂದ. ಬೀದಿ ಇಕ್ಕಟ್ಟು, ಜನ ಹೆಚ್ಚು. ಕುದುರೆ ಬೆದರಿ ಅತ್ತ ವಾಲಿತು, ಇತ್ತ ವಾಲಿತು. ಎಡಕ್ಕೆ ಬುಟ್ಟಿ ಮಾರುವವನ ಕೊಂಡಿ ಹೊದಿಕೆಗೆ ಸಿಕ್ಕಿತು. ಬಲಕ್ಕೆ ಕಂಚುಗಾರನ ಬಾಗಿಲ ಮೊಳೆ ಸಿಕ್ಕಿತು. ಎರಡೂ ಕಡೆ ಒಂದೊಂದು ಕುಣಿಕೆ ಹರಿಯಿತು.

ಬಲಗಡೆ ಹರಿದ ದಾರದ ತುದಿ ಮೊಳೆಗೆ ಸುತ್ತಿಕೊಂಡಿತ್ತು. ಕುದುರೆ ನಡೆಯಿತು. ನಡೆದಷ್ಟೂ ದಾರ ಬಂತು. ಕಂಚುಗಾರನ ಬಾಗಿಲಿನಿಂದ ಕುದುರೆಯ ಪಕ್ಕೆಯವರೆಗೆ ಬೀದಿಯುದ್ದಕ್ಕೂ ಒಂದು ನೀಲಿ ರೇಷ್ಮೆಯ ಎಳೆ. ಕುದುರೆ ಮುಂದೆ ಹೋದ ಹಾಗೆ ನವಿಲು ಕರಗುತ್ತ ಬಂತು. ಮೊದಲು ಗರಿ, ಆಮೇಲೆ ಬೆನ್ನು, ಆಮೇಲೆ ಕೊರಳು. ಬೀದಿಯ ತುದಿಗೆ ಬರುವಷ್ಟರಲ್ಲಿ ಬರಿಯ ಬನಾತಿನ ತುಂಡುಗಳು ಉಳಿದಿದ್ದವು. ಎಡಗಡೆಯೂ ದಾರ ಓಡಿತು. ಆದರೆ ಒಂದು ಗರಿಯಷ್ಟು ಓಡಿ ತಟ್ಟನೆ ನಿಂತು ಕಡಿದುಹೋಯಿತು. ನವಿಲು ಇದ್ದಲ್ಲೇ ಇತ್ತು.

ಸುಬೇದಾರನ ಆಳುಗಳು ಹೊದಿಕೆಯನ್ನು ತಂದು ಉಸ್ತಾದನ ಅಂಗಳದಲ್ಲಿ ಬಿಸಾಡಿದರು. ವಿಧವೆಗೂ ಕರೆ ಹೋಯಿತು. ಅವಳು ಬಂದಾಗ ಉಸ್ತಾದ ಎಡಮಗ್ಗುಲಿನ ಅಸ್ತರನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಗಂಟುಗಳೆಲ್ಲ ಬಯಲಾಗಿದ್ದವು. ಮಗುವನ್ನು ಕೆಳಗಿಳಿಸಿ ಗೋಡೆ ಹಿಡಿದು ನಿಂತಳು.

ಉಸ್ತಾದ ಒಂದೊಂದು ಗಂಟನ್ನೂ ಬೆರಳಿನಿಂದ ಮುಟ್ಟುತ್ತ ಹೋದ. ಮುಟ್ಟಿದ್ದು ಮುಗಿದ ಮೇಲೆ ಆ ಬಟ್ಟೆಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡ.

"ಇದು ನಿನ್ನ ಗಂಡನ ವಿದ್ಯೆಯಲ್ಲ. ನನ್ನದಂತೂ ಅಲ್ಲ. ನಿನಗೆ ಕಲಿಸಿದವರು ಯಾರಮ್ಮ?"

"ಕಲಿಸಿದವಳು ಅಗೋ ಅಲ್ಲಿದ್ದಾಳೆ ಉಸ್ತಾದರೇ. ನೀವು ಕಳಚಿಟ್ಟ ಜೋಡನ್ನು ಕಚ್ಚುತ್ತಿದ್ದಾಳೆ."

ಉಸ್ತಾದ ತನ್ನ ನವಿಲನ್ನು ಮತ್ತೆ ಹೊಲಿಯಲು ಕೂತ. ಗರಿಗೊಂದು ಗಂಟು ಹಾಕಿದ. ಎಡಮಗ್ಗುಲು ಅಂದಿನಿಂದ ಅವಳದೇ ಆಯಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಜಗದೇವಿಯ ಮುಖ ಅರಳಿತ್ತು. ಮಠಕ್ಕೆ ಬರುವಾಗ ಇದ್ದ ಸಿಟ್ಟು ಎಲ್ಲಿ ಹೋಯಿತೋ. ಆ ಹೆಂಗಸನ್ನು ತಾನೇ ಕಂಡು ಬಂದಂತೆ ಹಿಗ್ಗಿದಳು.

"ಎಂಥ ಕೈ ಅಪ್ಪಾವರೇ ಅವಳದು! ಹಾಗಾದರೆ ಚಿಲಕ ಹಾಕಿ ಕೂತವರ ಪೂಜೆಗಿಂತ ನನ್ನ ಪೂಜೆಯೇ ಗಟ್ಟಿ ಅನ್ನಿ. ಇವಳು ಎಬ್ಬಿಸಿದಷ್ಟು ಸಲ ನಿಮ್ಮನ್ನು ಯಾರು ಎಬ್ಬಿಸಿದ್ದಾರೆ?"

ಗುರುಗಳು ಗಟ್ಟಿಯಾಗಿ ನಕ್ಕರು. ನಗು ನಿಂತ ಮೇಲೆ ಕೇಳಿದರು:

"ಅವಳು ಕೂಗಿದಾಗ ನೀನು ಗಂಟು ಹಾಕಿ ಏಳುತ್ತೀಯೋ ತಂಗಿ, ದಾರ ಬಿಸಾಡಿ ಏಳುತ್ತೀಯೋ?"

ಜಗದೇವಿ ಮಗಳ ರಟ್ಟೆಯನ್ನು ಸವರುತ್ತ, "ಇಲ್ಲಿಯವರೆಗೆ ಲಿಂಗಕ್ಕೆ ಒಂದು ಶರಣೂ ಎನ್ನದೆ ದಾರ ಬಿಸಾಡಿಯೇ ಎದ್ದಿದ್ದೇನೆ ಅಪ್ಪಾವರೇ" ಎಂದಳು.