ಹೆಸರು ಕರೆದ ದಿಬ್ಬ

ಮಾದೇನಹಟ್ಟಿಯಿಂದ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಊರು ದಾಟಿದ ಕೂಡಲೇ ಎಡಕ್ಕೆ ಒಂದು ಬೋಳು ದಿಬ್ಬವಿದೆ. ಗುಡಿಯಿಲ್ಲ, ಕಲ್ಲಿಲ್ಲ, ನೆರಳಿಗೊಂದು ಜಾಲಿ ಗಿಡವೂ ಇಲ್ಲ. ನೋಡಲು ಬಂದವರು ‘ಇಷ್ಟೇನಾ?’ ಎಂದು ಮೂಗು ಮುರಿಯುತ್ತಾರೆ. ಇಷ್ಟೇ ಸ್ವಾಮಿ! ಇದ್ದದ್ದನ್ನು ನಿಮ್ಮಂಥ ಬಲ್ಲವರೇ ಹೊತ್ತುಕೊಂಡು ಹೋದರು. ಇದಕ್ಕೆ ‘ಹೆಸರು ಕರೆದ ದಿಬ್ಬ’ ಎಂಬ ಹೆಸರು ಹೇಗೆ ಬಂತೆಂಬುದನ್ನು ನಮ್ಮ ಹಿರಿಯರು ಹೇಳಿದಂತೆ ಹೇಳುತ್ತೇನೆ.

ಹಿಂದೆ ಒಮ್ಮೆ, ದೊರೆಗಳ ಆಳಿಕೆಯಲ್ಲಿ, ಇಲ್ಲಿ ಹುಲುಗಪ್ಪನೆಂಬ ಕಲ್ಲುಕುಟಿಗನೂ ಅವನ ಹೆಂಡತಿ ಬೋರಕ್ಕನೂ ಇದ್ದರು ಎನ್ನುತ್ತಾರೆ. ಹೆತ್ತ ಕೂಸುಗಳು ಒಂದೂ ದಕ್ಕದೆ, ಕೊನೆಗೆ ಹುಟ್ಟಿದ ಹೆಣ್ಣುಮಗುವನ್ನು ತಿಪ್ಪೆಯ ಮೇಲೆ ಉರುಳಿಸಿ, ಸಾವಿಗೂ ಬೇಡವಾಗಲಿ ಎಂದು ತಿಪ್ಪಿ ಎಂದು ಹೆಸರಿಟ್ಟರು. ಸಾವು ಹೆಸರು ನೋಡಿ ಬರುತ್ತದೆಯೇ? ಇನ್ನೂ ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಸಿಡುಬು ಅವಳನ್ನು ಒಯ್ದಿತು. ಹುಲುಗಪ್ಪ ಹಳೆಯ ವೀರಗಲ್ಲುಗಳ ಪದ್ಧತಿಯಂತೆ ಒಂದು ಕಲ್ಲಿನಲ್ಲಿ ಮೇಲೆ ಸೂರ್ಯಚಂದ್ರರನ್ನು ಕೆತ್ತಿ, ಕೆಳಗೆ ಮಗಳನ್ನು ನಿಲ್ಲಿಸಿದ. ಬದುಕಿದ್ದಾಗ ತೊಡಿಸಲಾಗದ ಡಾಬು, ವಂಕಿ, ಸರಗಳನ್ನೆಲ್ಲ ಕಲ್ಲಿನಲ್ಲಿ ತೊಡಿಸಿದ. ಅದನ್ನು ಈ ದಿಬ್ಬದ ಮೇಲೆ ನೆಟ್ಟ ಬಳಿಕ ಅವನೂ ಹೆಚ್ಚು ಕಾಲ ಬಾಳಲಿಲ್ಲ. ಬೋರಕ್ಕ ದಿನವೂ ಬಂದು ಹರಳೆಣ್ಣೆ ಹಚ್ಚಿ ತಲೆ ನೇವರಿಸುತ್ತಿದ್ದಳು. ಎಣ್ಣೆ ಕುಡಿದು ಕುಡಿದು ಕಲ್ಲು ಕೆಲವೇ ವರ್ಷಗಳಲ್ಲಿ ಮುತ್ತಜ್ಜನ ಕಾಲದ್ದರಂತೆ ಕಪ್ಪಾಯಿತು.

ಆಗ ಪಟ್ಟಣದ ವಸ್ತುಸಂಗ್ರಹಾಲಯದ ಅಧಿಕಾರಿಯೊಬ್ಬ ಬಂದ. ಕಲ್ಲು ಕಂಡದ್ದೇ ತಡ, ಇದು ಪುರಾತನ ರಾಣಿಯ ಪ್ರತಿಮೆ ಎಂದ. ಬೋರಕ್ಕ ಕಲ್ಲನ್ನು ತಬ್ಬಿಕೊಂಡು, “ಇದು ನಮ್ದು, ಬುದ್ಧಿ, ಬಿಟ್ಬಿಡಿ” ಎಂದಳು. ಅವನೇನೂ ಕೆಟ್ಟವನಲ್ಲ. “ಯಾರ ಕಲ್ಲು ಅಂತ ಹೇಳಮ್ಮ, ಬಿಟ್ಟು ಹೋಗ್ತೀನಿ” ಎಂದ. ಹೇಳುವುದು ಹೇಗೆ? ಮದುವೆಯಾಗದೆ ಸತ್ತ ಹೆಣ್ಣುಮಗುವಿನ ಹೆಸರೆತ್ತಬಾರದು, ಇದು ಅವಳೇ ಎಂದು ತೋರಿಸಲೂಬಾರದು. ಕರೆದರೆ ಆ ಜೀವ ಹೋಗುವ ದಾರಿ ಬಿಟ್ಟು ಹಿಂದಿರುಗಿ, ಅಲ್ಲಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ಅಲೆಯುತ್ತದೆ ಎಂಬುದು ಹಟ್ಟಿಯ ಕಟ್ಟಳೆ. ಬೋರಕ್ಕ ಬಾಯಿಗೆ ಸೆರಗು ತುರುಕಿಕೊಂಡಳು. ಊರಿಗೆ ಊರೇ ನೆಲ ನೋಡುತ್ತ ನಿಂತಿತು. ಇವರಿಗೆ ಗೊತ್ತಿಲ್ಲ ಎಂದುಕೊಂಡ ಅಧಿಕಾರಿ ಕಲ್ಲನ್ನು ಹೇರಿಸಿಕೊಂಡು ಹೋದ.

ಪಟ್ಟಣದಲ್ಲಿ ತಿಪ್ಪಿ ರಾಣಿಯಾಗಿ ನಿಂತಳು. ನೋಡಬಹುದು, ಮುಟ್ಟುವಂತಿರಲಿಲ್ಲ. ಬೋರಕ್ಕ ಪ್ರತಿ ಯುಗಾದಿಗೆ ಎಣ್ಣೆ ಬಟ್ಟಲು ಹಿಡಿದು ಹೋಗಿ, ಹಾಗೆಯೇ ಹಿಂದಿರುಗುತ್ತಿದ್ದಳು. ಬಹಳ ವರ್ಷಗಳ ಮೇಲೆ ಬೇರೊಬ್ಬ ಪಂಡಿತ ಬಂದು, ಉಳಿಯ ಗುರುತು ತೀರ ಹೊಸದು, ಇದು ನಕಲಿ ಎಂದು ತೀರ್ಮಾನಿಸಿದ. ಶಾಲೆಯ ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು ಈ ಸುದ್ದಿ ತಂದರೆ, ಬೋರಕ್ಕ ನಕ್ಕೇಬಿಟ್ಟಳಂತೆ. “ರಾಣಿ ಅಲ್ಲ ಅಂದ್ರಾ? ಹಂಗಾರೆ ಕೊಡ್ತಾರೆ ಬಿಡಿ ಮೇಷ್ಟ್ರೆ!” ಅಂದೇ ಬಂಡಿ ಕೇಳಿ ಪಡೆದಳು. ಬರುವಾಗ ಮಗು ಕುಲುಕಬಾರದೆಂದು ಮೆತ್ತಗೆ ಹುಲ್ಲು ಹಾಸಿದಳು. ಅಯ್ಯೋ, ಅವಳ ಸಂಭ್ರಮವೇ!

ಪಟ್ಟಣದಲ್ಲಿ ಬಾಗಿಲ ಕಾವಲುಗಾರ ತಲೆ ತಗ್ಗಿಸಿ ಹೇಳಿದ: “ಸುಳ್ಳು ಕಲ್ಲು ಇನ್ನೊಬ್ಬರಿಗೆ ಮೋಸ ಮಾಡಬಾರದು ಅಂತ ಒಡೆಸಿಬಿಟ್ಟರಮ್ಮ. ಜಲ್ಲಿ ಮಾಡಿ ರಸ್ತೆಗೆ ಹಾಕಿದರು.” ಬೋರಕ್ಕ, “ಸುಳ್ಳು ಹೇಳಿದ್ದು ಯಾರಪ್ಪಾ? ನಾನು ಬಾಯೇ ಬಿಟ್ಟಿರಲಿಲ್ಲವಲ್ಲ” ಎಂದಳಂತೆ.

ಬರಿಬಂಡಿ ದಿಬ್ಬದ ಹತ್ತಿರ ಬಂದಾಗ ಊರ ಹೆಂಗಸರು ಅರಿಶಿನ, ಬಳೆ ಹಿಡಿದು ಎದುರುಗೊಳ್ಳಲು ಕಾದಿದ್ದರು. ಬೋರಕ್ಕ ಯಾರನ್ನೂ ನೋಡಲಿಲ್ಲ. ದಿಬ್ಬ ಹತ್ತಿ, ಪಟ್ಟಣದ ದಾರಿಗೆ ಮುಖ ಮಾಡಿ, ಅಷ್ಟು ವರ್ಷ ನುಂಗಿಕೊಂಡಿದ್ದ ಹೆಸರನ್ನು ಗಂಟಲು ಹರಿಯುವಂತೆ ಕೂಗಿದಳು: “ತಿಪ್ಪೀ! ಬಾರೇ ನನ್ನವ್ವಾ! ಅಲೆದಾಡಿದರೂ ಸರಿ, ನನ್ನ ಹತ್ತಿರವೇ ಅಲೆದಾಡು ಬಾರೇ!” ಹೆಂಗಸರು ಕಿವಿ ಮುಚ್ಚಿಕೊಳ್ಳಲಿಲ್ಲ, ನಿಂತು ಅತ್ತರು. ಕಟ್ಟಳೆ ಅಂದೇ ಮುರಿಯಿತು ಎನ್ನುತ್ತಾರೆ.

ಈಗಲೂ ಅಮಾವಾಸ್ಯೆಯ ದಿನ ಬಂದರೆ ನೀವೇ ಕಾಣಬಹುದು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಎಲ್ಲೆಲ್ಲಿಂದಲೋ ಬಂದು ದಿಬ್ಬ ಹತ್ತುತ್ತಾರೆ. ಒಂದೇ ಒಂದು ಸಲ ಹೆಸರು ಕರೆಯುತ್ತಾರೆ. ಕರೆದವರು ಕೂಡಲೇ ಇಳಿಯುವುದಿಲ್ಲ. ಬಂದರೂ ಬಂದೀತೆಂದು ಸ್ವಲ್ಪ ಹೊತ್ತು ನಿಲ್ಲುತ್ತಾರೆ.